ಅಮೇರಿಕದ ಫುಟ್ಬಾಲಿನಲ್ಲಿ ಕ್ಯಾಚು ಯಾವಾಗ ಪೂರ್ತಿಯಾಗುತ್ತದೆ?

ನಮ್ಮ ವಾಚನಾಲಯಕ್ಕೆ ಬರುವ ಇಂಗ್ಲಿಷ್ ಪತ್ರಿಕೆಗಳ ಆಟದ ಪುಟದಲ್ಲಿ ಆಗಾಗ ಅಮೇರಿಕದ ಫುಟ್ಬಾಲಿನ ಸುದ್ದಿ ಕಾಣುತ್ತದೆ. ಹೆಸರು ಫುಟ್ಬಾಲ್ ಆದರೂ ಅಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಆಟಗಾರನು ಚೆಂಡು ಹಿಡಿದದ್ದು ಎಲ್ಲರ ಕಣ್ಣಿಗೂ ಕಂಡಿರುತ್ತದೆ. ಆದರೂ ತೀರ್ಪುಗಾರರು ‘ಇಲ್ಲ’ ಎನ್ನುತ್ತಾರೆ. ಇದೆಂಥ ನ್ಯಾಯವೆಂದು ಕೆಲವು ಸದಸ್ಯರು ಕೇಳಿದ್ದರಿಂದ ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆಟದ ಸ್ವರೂಪ. ತಂಡಕ್ಕೆ 11 ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ 10 ಗಜ ಮುಂದೆ ಹೋಗಬೇಕು, ಇಲ್ಲವಾದರೆ ಚೆಂಡು ಎದುರು ತಂಡಕ್ಕೆ. ಚೆಂಡನ್ನು ಮುಂದಕ್ಕೆ ಎಸೆಯಲು 1906ರಲ್ಲಿ ಅನುಮತಿ ಸಿಕ್ಕಿತು. ಜಗಳವೂ ಅದರ ಹಿಂದೆಯೇ ಬಂತೆನ್ನಬೇಕು. ಎಸೆದ ಚೆಂಡನ್ನು ಹಿಡಿಯದಿದ್ದರೆ ಒಂದು ಅವಕಾಶ ವ್ಯರ್ಥ, ಗಡಿಯಾರ ನಿಲ್ಲುತ್ತದೆ, ಆಟ ಹಿಂದಿನ ಜಾಗದಿಂದಲೇ ಮತ್ತೆ ಶುರು. ಹಿಡಿದ ಮೇಲೆ ಕೈಜಾರಿದರೆ ಮಾತ್ರ ಕಥೆಯೇ ಬೇರೆ: ಬಿದ್ದ ಚೆಂಡನ್ನು ಯಾರು ಬೇಕಾದರೂ ಎತ್ತಿಕೊಂಡು ಓಡಬಹುದು. ಆದ್ದರಿಂದ ‘ಹಿಡಿದನೇ, ಇಲ್ಲವೇ’ ಎಂಬ ಅರೆಕ್ಷಣದ ಪ್ರಶ್ನೆಯ ಮೇಲೆ ಇಡೀ ಪಂದ್ಯವೇ ನಿಲ್ಲುವುದುಂಟು.

ಅಲ್ಲಿಯ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ಈಗಿನ ನಿಯಮದಲ್ಲಿ ಮೂರು ಮಾತಿದೆ. ಚೆಂಡು ನೆಲ ಮುಟ್ಟುವ ಮೊದಲೇ ಕೈಯಲ್ಲಿಯೋ ತೋಳಿನಲ್ಲಿಯೋ ಹತೋಟಿಗೆ ಬರಬೇಕು. ಆಮೇಲೆ ಎರಡೂ ಪಾದ ಮೈದಾನದ ಒಳಗೆ ಊರಬೇಕು. ಪಾದಕ್ಕೆ ಬದಲು ಮೊಣಕಾಲು, ಮೊಣಕೈ ಅಥವಾ ಬೆನ್ನು ತಾಗಿದರೂ ಸಾಕು, ಆದರೆ ಬರೀ ಅಂಗೈ ಊರಿದರೆ ನಡೆಯದು. ಅಲ್ಲಿ ಅಂಚಿನ ಗೆರೆ ಮೈದಾನದ ಹೊರಗಿನದು (ನಾವು ಆಡುವ ಫುಟ್ಬಾಲಿನಲ್ಲಿ ಗೆರೆ ಒಳಗಿನದು). ಹೀಗಾಗಿ ಹಿಡಿಯುವವನು ಮೈಯನ್ನೆಲ್ಲ ಹೊರಕ್ಕೆ ಚಾಚಿ, ಕಾಲ್ಬೆರಳ ತುದಿಯನ್ನು ಮಾತ್ರ ಹುಲ್ಲಿನ ಮೇಲೆ ಎಳೆಯುವ ಚಮತ್ಕಾರ ನೋಡಲು ಸಿಗುತ್ತದೆ. ಮೂರನೆಯದಾಗಿ, ಹಿಡಿದವನು ಆಟಕ್ಕೆ ಸಂಬಂಧಿಸಿದ ಒಂದು ಕೆಲಸ ಮಾಡಬೇಕು: ಇನ್ನೊಂದು ಹೆಜ್ಜೆ ಇಡಬೇಕು, ಚೆಂಡನ್ನು ಕಂಕುಳಿಗೆ ಸೇರಿಸಬೇಕು, ಗುರಿಗೆರೆಯತ್ತ ಕೈ ಚಾಚಬೇಕು, ಅಥವಾ ಹಾಗೆ ಮಾಡಲು ಸಾಕಾಗುವಷ್ಟು ಹೊತ್ತು ಚೆಂಡು ಅವನ ಹತೋಟಿಯಲ್ಲಿರಬೇಕು. ನಮ್ಮ ಗಿರಣಿಯ ಲೆಕ್ಕದಲ್ಲಿ ಹೇಳುವುದಾದರೆ, ಮಾಲು ಗೇಟಿನೊಳಗೆ ಬಂದಮಾತ್ರಕ್ಕೆ ಜಮಾ ಆಗುವುದಿಲ್ಲ. ಎಣಿಸಿ ರುಜು ಬೀಳಬೇಕು.

2018ಕ್ಕೆ ಮುಂಚೆ ಇನ್ನೊಂದು ಕಟ್ಟಳೆಯಿತ್ತು. ಹಿಡಿಯುತ್ತ ಬೀಳುವವನು, ನೆಲಕ್ಕೆ ಬಿದ್ದ ಮೇಲೂ ಕೊನೆಯವರೆಗೆ ಚೆಂಡನ್ನು ಬಿಡಕೂಡದು. 2010ರ ಸೆಪ್ಟೆಂಬರ್ 12ರಂದು ಷಿಕಾಗೋದಲ್ಲಿ ಡೆಟ್ರಾಯಿಟ್ ತಂಡದ ಕ್ಯಾಲ್ವಿನ್ ಜಾನ್ಸನ್, ಪಂದ್ಯಕ್ಕೆ ಅರ್ಧ ನಿಮಿಷವೂ ಉಳಿದಿರದಾಗ ಗುರಿವಲಯದಲ್ಲಿ ಹಾರಿ ಚೆಂಡು ಹಿಡಿದ, ಕಾಲೂರಿದ, ಬಿದ್ದ. ಏಳುವಾಗ ಚೆಂಡು ನೆಲಕ್ಕೆ ತಾಗಿ ಕೈಬಿಟ್ಟಿತು. ಕ್ಯಾಚು ಇಲ್ಲವೆಂದಾಯಿತು, ಡೆಟ್ರಾಯಿಟ್ 14-19ರಿಂದ ಸೋತಿತು. 2015ರ ಜನವರಿ 11ರಂದು ಗ್ರೀನ್ ಬೇಯಲ್ಲಿ ಡಲ್ಲಾಸ್ ತಂಡದ ಡೆಜ್ ಬ್ರಯಂಟ್, ನಾಲ್ಕನೆಯ ಅವಕಾಶದಲ್ಲಿ ಹಿಡಿದು, ಹೆಜ್ಜೆ ಹಾಕಿ, ಗೆರೆಯ ಕಡೆಗೆ ಮುಗ್ಗರಿಸಿದ. ಮೈದಾನದಲ್ಲಿ ಕ್ಯಾಚೆಂದೇ ತೀರ್ಪು ಬಂದಿತ್ತು. ಚಿತ್ರ ತಿರುಗಿಸಿ ನೋಡಿ ರದ್ದು ಮಾಡಿದರು. ಡಲ್ಲಾಸ್ 21-26ರಿಂದ ಸೋತು ಮನೆಗೆ ಹೋಯಿತು. 2017ರ ಡಿಸೆಂಬರ್ 17ರಂದು ಪಿಟ್ಸ್‌ಬರ್ಗಿನ ಜೆಸ್ಸಿ ಜೇಮ್ಸ್‌ನಿಗೂ ಇದೇ ಗತಿ.

ನಿಯಮದ ಅಕ್ಷರ ಹಿಡಿದು ನೋಡಿದರೆ ತೀರ್ಪುಗಾರರದು ತಪ್ಪಲ್ಲ. ಆದರೆ ಲಕ್ಷಾಂತರ ಜನ ಕ್ಯಾಚೆಂದು ಕಂಡದ್ದನ್ನು ಅಲ್ಲವೆನ್ನುವ ನಿಯಮ ಯಾರಿಗಾಗಿ? ನಮ್ಮ ಅಭಿಪ್ರಾಯದಲ್ಲಿ ಅದು ಆಟವನ್ನು ಬಿಟ್ಟು ಅಳತೆಪಟ್ಟಿಯನ್ನು ಹಿಡಿದಿತ್ತು. 2018ರ ಮಾರ್ಚಿನಲ್ಲಿ 32 ತಂಡಗಳೂ ಒಮ್ಮತದಿಂದ ಆ ಕಟ್ಟಳೆಯನ್ನು ತೆಗೆದುಹಾಕಿದವು. ಹೊಸ ನಿಯಮದಂತೆ ಬ್ರಯಂಟ್, ಜೇಮ್ಸ್ ಇಬ್ಬರದೂ ಕ್ಯಾಚೇ. ಏನು ಫಲ, ಸೋತ ಪಂದ್ಯ ಹಿಂದಕ್ಕೆ ಬಾರದು.

ಕ್ರಿಕೆಟ್ಟಿನಲ್ಲೂ ಈ ತೊಡಕಿದೆ. ಹಿಡಿದವನಿಗೆ ಚೆಂಡಿನ ಮೇಲೂ ತನ್ನ ಚಲನೆಯ ಮೇಲೂ ಪೂರ್ಣ ಹತೋಟಿ ಬರಬೇಕು ಎಂಬುದು ಅಲ್ಲಿಯ ನಿಯಮ. 1999ರ ವಿಶ್ವಕಪ್ಪಿನಲ್ಲಿ, ಲೀಡ್ಸಿನಲ್ಲಿ, ಸ್ಟೀವ್ ವಾ 56 ಓಟ ಗಳಿಸಿದ್ದಾಗ ಹರ್ಷೆಲ್ ಗಿಬ್ಸ್ ಚೆಂಡು ಹಿಡಿದು, ಸಂಭ್ರಮದಿಂದ ಮೇಲೆಸೆಯಹೋಗಿ ಕೈಜಾರಿಸಿದ್ದನ್ನು ಬಲ್ಲವರು ಮರೆತಿರಲಾರರು. ವಾ ಔಟಾಗದೆ 120 ಹೊಡೆದರು.

ಈಗಲೂ ತಕರಾರು ಪೂರ್ತಿ ಮುಗಿದಿಲ್ಲ. ‘ಸಾಕಾಗುವಷ್ಟು ಹೊತ್ತು’ ಎಂದರೆ ಎಷ್ಟೆಂಬುದನ್ನು ಗಡಿಯಾರ ಹೇಳದು, ತೀರ್ಪುಗಾರನ ಕಣ್ಣೇ ಹೇಳಬೇಕು. ಚೆಂಡು ನೆಲಕ್ಕೆ ತಾಗಿದಾಕ್ಷಣ ಕ್ಯಾಚು ಕೆಟ್ಟಿತೆಂದೂ ತಿಳಿಯಬಾರದು. ಹಿಡಿತ ಸಡಿಲದಿದ್ದರೆ ಅದು ಊರ್ಜಿತ. ಎರಡು ತಂಡದವರೂ ಒಟ್ಟಿಗೇ ಹಿಡಿದರೆ ಚೆಂಡು ಎಸೆದ ತಂಡಕ್ಕೆ ಸೇರುತ್ತದೆ. ಮೊಬೈಲಿನಲ್ಲಿ ಅಲ್ಲಿಯ ಕಾಲೇಜು ಪಂದ್ಯ ನೋಡುವವರು ಇನ್ನೊಂದನ್ನು ನೆನಪಿಡಬೇಕು: ಅಲ್ಲಿ ಒಂದೇ ಪಾದ ಒಳಗೆ ಊರಿದರೆ ಸಾಕು.