ವಾಟ್ಸಾಪ್‌ನಲ್ಲಿ ಮಾವು ಮಾರುವ ಮುನ್ನ

ಹೋದ ಮೇನಲ್ಲಿ ಮಲ್ಲೇಶ್ವರಂನ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ 'ತೋಟದಿಂದ ನೇರ ಬಾದಾಮಿ ಮಾವು' ಅಂತ ಒಂದು ಫೋಟೋ ಬಂತು. ಆಸೆಯಿಂದ ಫೋನ್ ಮಾಡಿದೆ.

"ಅಯ್ಯೋ ಸಾರ್, ಅದು ಹಿಂದಿನ ವರ್ಷದ್ದು. ಈ ಸಲ ತೋಟ ಗುತ್ತಿಗೆಗೆ ಕೊಟ್ಬಿಟ್ಟಿದೀನಿ. ಬೆಳಗಿಂದ ಬರೀ ಇದೇ ಕಾಲು" ಅಂದರು ರಾಮನಗರ ಕಡೆಯ ಆ ರೈತರು.

ರೈತ ಮಿತ್ರರೇ, ಫಾರ್ವರ್ಡ್ ಆದ ಸಂದೇಶದ ಜೊತೆ ಮೊದಲು ಕಳಿಸಿದ ತಾರೀಖು ಹೋಗುವುದಿಲ್ಲ. ಪ್ರತಿ ಗುಂಪಿನಲ್ಲೂ ಅದು ಇವತ್ತಿನದೇ ಅನ್ನಿಸುತ್ತದೆ. ನೀವು ಡಿಲೀಟ್ ಮಾಡಿದರೂ ಬೇರೆಯವರು ಆಗಲೇ ಮುಂದೆ ಕಳಿಸಿದ್ದು ಅಳಿಯುವುದಿಲ್ಲ. ಐದು ಕೈ ದಾಟಿದ ಸಂದೇಶಕ್ಕೆ ಜೋಡಿ ಬಾಣದ ಗುರುತು ಬೀಳುತ್ತದೆ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಗುಂಪಿಗೆ ಕಳಿಸಬಹುದು. ಓಟ ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಹಾಗಾಗಿ ತಳಿ, ಬಾಕ್ಸಿನ ತೂಕ, ಬೆಲೆ, ತಲುಪಿಸುವ ಬಡಾವಣೆ, ಮುಖ್ಯವಾಗಿ 'ಇಂಥ ತಾರೀಖಿನವರೆಗೆ ಮಾತ್ರ' ಎಂಬುದನ್ನು ಫೋಟೋದ ಮೇಲೆಯೇ ಬರೆಯಿರಿ. ಕೆಳಗೆ ಟೈಪ್ ಮಾಡಿದರೆ ಯಾರೋ ಬರೀ ಫೋಟೋ ಕಳಿಸಿಬಿಡ್ತಾರೆ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಉಚಿತ. ಅದರಲ್ಲಿ 'ಹಣ್ಣು ಮುಗಿದಿದೆ' ಎಂದು ತಾನಾಗಿಯೇ ಹೋಗುವ ಉತ್ತರ ಇಡಬಹುದು.

ಇದನ್ನೆಲ್ಲ ಆ ರೈತರಿಗೂ ಹೇಳಿದೆ. "ಮೆಸೇಜಿಗೆ ಸರಿ, ಕಾಲ್ ಮಾಡೋರಿಗೆ?" ಅಂದರು. ಅದಕ್ಕೆ ಮಾರಾಟಕ್ಕೆಂದೇ ಬೇರೆ ಸಿಮ್ ಇಟ್ಟುಕೊಂಡು, ಸುಗ್ಗಿ ಮುಗಿದ ಮೇಲೆ ಆ ಫೋನ್ ಆಫ್ ಮಾಡುವುದೊಂದೇ ನನಗೆ ತೋಚಿದ ದಾರಿ.