ಓಲೆಗರಿಯ ಪಾಠಲೇಖನಕ್ಕೆ ಎರಡು ಪರದೆಗಳ ವ್ಯವಸ್ಥೆ

ಓಲೆಗರಿಯ ಗ್ರಂಥವನ್ನು ಪ್ರತಿಮಾಡುವಾಗ ಲಿಪಿಕಾರನ ದೃಷ್ಟಿ ಮೂಲಕ್ಕೂ ತನ್ನ ಬರಹಕ್ಕೂ ನಡುವೆ ಸಂಚರಿಸುತ್ತಿತ್ತು. ಒಂದೇ ಪದ ಎರಡು ಪಂಕ್ತಿಗಳಲ್ಲಿ ಬಂದಿದ್ದರೆ, ಮೊದಲನೆಯದನ್ನು ಬರೆದು ಹಿಂದಿರುಗಿದ ಕಣ್ಣು ಎರಡನೆಯದರ ಮೇಲೆ ನಿಂತು, ನಡುವಣ ಪಾಠ ಲುಪ್ತವಾಗುತ್ತಿತ್ತು. ಲ್ಯಾಪ್‌ಟಾಪಿನ ಒಂದೇ ಪರದೆಯಲ್ಲಿ ಗರಿಯ ಛಾಯಾಚಿತ್ರವನ್ನೂ ಬರಹವನ್ನೂ ಸರದಿಯಂತೆ ತೆರೆದು ಮುಚ್ಚುವವರಿಗೂ ಈ ಗ್ರಂಥಪಾತ ಸುಲಭವಾಗಿ ಒದಗುತ್ತದೆ.

ಆದುದರಿಂದ ಪ್ರತ್ಯೇಕ ಮಾನಿಟರ್ ಒಂದನ್ನು ಜೋಡಿಸಿ, ಅದರಲ್ಲಿ ಗರಿಯನ್ನೂ ಲ್ಯಾಪ್‌ಟಾಪಿನಲ್ಲಿ ಪಾಠವನ್ನೂ ಇರಿಸಿಕೊಳ್ಳುವುದು ಯುಕ್ತ. ಮೂಡುಬಿದಿರೆಯ ಧವಲಾ ಪ್ರತಿಗಳಂತಹ ನೀಳವಾದ ಗರಿಗಳಿಗೆ ಅಗಲವಾದ ಪರದೆಯೇ ಅನುರೂಪ. ಎರಡರಲ್ಲಿಯೂ ಒಂದೇ ದೃಶ್ಯ ಮೂಡದಂತೆ, ಪರದೆಯನ್ನು ವಿಸ್ತರಿಸುವ ಕ್ರಮವನ್ನು ಆರಿಸತಕ್ಕದ್ದು. ಮೇಜಿನ ಮೇಲೆ ಲ್ಯಾಪ್‌ಟಾಪ್ ಬಲಕ್ಕಿದ್ದರೆ ಗಣಕದ ಪರದೆ ಜೋಡಣೆಯಲ್ಲಿಯೂ ಅದನ್ನು ಬಲಕ್ಕೇ ತೋರಿಸಬೇಕು. ಇಲ್ಲವಾದರೆ ಮೌಸಿನ ಬಾಣ ಆ ಅಂಚನ್ನು ದಾಟದು.

ಹೆಚ್ಚು ಹೊತ್ತು ನೋಡಬೇಕಾದ ಮಾನಿಟರ್ ನೇರ ಎದುರಿಗೆ, ತೋಳಳತೆಯ ದೂರದಲ್ಲಿ, ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಬರುವಂತೆ ಇರಬೇಕು. ಲ್ಯಾಪ್‌ಟಾಪನ್ನು ಅದರ ಮಗ್ಗುಲಲ್ಲಿ, ಗ್ರಂಥವನ್ನು ವ್ಯಾಸಪೀಠದ ಮೇಲಿಡುವಂತೆ, ಆಧಾರವೊಂದರ ಮೇಲೆ ಅಷ್ಟೇ ಎತ್ತರಕ್ಕೆ ಏರಿಸಿ, ಬೇರೆ ಕೀಲಿಮಣೆಯನ್ನು ಬಳಸಬೇಕು. ಕಿಟಕಿ ಪಕ್ಕಕ್ಕಿರಲಿ, ಬೆನ್ನಹಿಂದಿದ್ದರೆ ಪರದೆಯ ಮೇಲೆ ಬೆಳಕು ಪ್ರತಿಫಲಿಸಿ ಮಸಿಯಳಿದ ಅಕ್ಷರಗಳು ಕಾಣವು.

ಇಷ್ಟಾದರೂ, ಒಬ್ಬರು ಓದಿ ಮತ್ತೊಬ್ಬರು ತಾಳೆನೋಡುವ ಹಳೆಯ ಪದ್ಧತಿ ಬಿಡತಕ್ಕದ್ದಲ್ಲ. ಪರದೆಗಳು ಕಣ್ಣಿನ ಶ್ರಮವನ್ನು ಕಡಿಮೆಮಾಡುತ್ತವೆ. ಪಾಠನಿರ್ಣಯದ ಹೊಣೆ ಸಂಪಾದಕನದೇ.