ಸಾಣೆ ಚಕ್ರಗಳ ಬಳಕೆ: ಸುರಕ್ಷತೆ ಮತ್ತು ಮಾಲೀಕರ ಹೊಣೆ

ದೇವರ ಹಿಪ್ಪರಗಿ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂತಹ ಪಟ್ಟಣಗಳಲ್ಲಿ ಟ್ರ್ಯಾಕ್ಟರ್ ಟ್ರಾಲಿ, ಕಿಟಕಿ ಸರಳು, ಕೃಷಿ ಉಪಕರಣಗಳನ್ನು ತಯಾರಿಸುವ ಹಾಗೂ ಹಾಸುಗಲ್ಲಿಗೆ ಮೆರುಗು ಕೊಡುವ ಕಿರು ಘಟಕಗಳಿಗೆ ಗ್ರೈಂಡರ್ ಅನಿವಾರ್ಯ ಸಾಧನ. ಇದರ ಬೆಲೆ ಅಲ್ಪ. ಆದರೆ ಅಜಾಗ್ರತೆಯಿಂದ ಬಳಸಿದಾಗ ಉಂಟಾಗುವ ನಷ್ಟ ಅಲ್ಪವಲ್ಲ. ಆದುದರಿಂದ ಈ ವಿಷಯವನ್ನು ಯಂತ್ರ ಹಾಗೂ ಲೆಕ್ಕ ಎರಡರ ದೃಷ್ಟಿಯಿಂದಲೂ ಅರಿಯುವುದು ಉಚಿತ.

ವೇಗದ ಲೆಕ್ಕ

ರಾಳದಿಂದ ಬಂಧಿಸಿದ ಸಾಣೆ ಚಕ್ರಗಳ ಮೇಲೆ ಸಾಮಾನ್ಯವಾಗಿ ಸೆಕೆಂಡಿಗೆ 80 ಮೀಟರ್ ಎಂಬ ಗರಿಷ್ಠ ಅಂಚಿನ ವೇಗವನ್ನು ಮುದ್ರಿಸಿರುತ್ತಾರೆ. ಇದು ಗಂಟೆಗೆ 288 ಕಿ.ಮೀ.ಗೆ ಸಮ. 4 ಅಂಗುಲದ ಯಂತ್ರ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ರಕ್ಷಣಾ ಕವಚವನ್ನು ತೆಗೆದು ಇದಕ್ಕೆ 7 ಅಂಗುಲದ ಚಕ್ರವನ್ನು ಜೋಡಿಸಿದರೆ ಅಂಚಿನ ವೇಗ ಸೆಕೆಂಡಿಗೆ 103 ಮೀಟರ್ ದಾಟುತ್ತದೆ. ಚಕ್ರ ಸಿಡಿಯಲು ಇಷ್ಟು ಸಾಕು. ದೊಡ್ಡ ಚಕ್ರದಿಂದ ಕೆಲಸ ಬೇಗ ಮುಗಿಯುವುದೆಂಬ ಈ ರೂಢಿಯನ್ನು ಮಾಲೀಕರು ಕಟ್ಟುನಿಟ್ಟಾಗಿ ನಿಲ್ಲಿಸಬೇಕು.

ಕೊಳ್ಳುವಾಗ, ಬಳಸುವಾಗ

ರಾಳದ ಚಕ್ರಗಳ ನಡುವಿನ ಲೋಹದ ಉಂಗುರದ ಮೇಲೆ ಬಳಕೆಯ ಅವಧಿಯನ್ನು ಅಚ್ಚೊತ್ತಿರುತ್ತಾರೆ. ಅವಧಿ ಮೀರಿದ ಅಥವಾ ತೇವ ತಗುಲಿದ ಚಕ್ರಗಳನ್ನು ವರ್ತಕರು ಮಾರಬಾರದು, ತಯಾರಕರು ಕೊಳ್ಳಬಾರದು. ಕತ್ತರಿಸುವ ತೆಳು ಚಕ್ರದ ಪಕ್ಕದಿಂದ ಉಜ್ಜುವುದು ಸಲ್ಲದು. ಹೊಸ ಚಕ್ರ ಜೋಡಿಸಿದ ನಂತರ ಪಕ್ಕಕ್ಕೆ ನಿಂತು ಒಂದು ನಿಮಿಷ ಬರಿದೇ ತಿರುಗಿಸಿ ನೋಡಬೇಕು. ಮೇಜಿನ ಗ್ರೈಂಡರಿನಲ್ಲಿ ಆಸರೆ ಪಟ್ಟಿಗೂ ಕಲ್ಲಿಗೂ 3 ಮಿ.ಮೀ.ಗಿಂತ ಹೆಚ್ಚು ಅಂತರವಿರಬಾರದು. ಸಡಿಲ ಅಂಗಿ, ಹೆಗಲ ಮೇಲಿನ ವಸ್ತ್ರ ಯಂತ್ರದ ಬಳಿ ಅಪಾಯಕಾರಿ.

ಧೂಳಿನ ಹಾನಿ

ಕಿಡಿಯ ಗಾಯ ಕೂಡಲೇ ಕಾಣುತ್ತದೆ. ಧೂಳಿನ ಗಾಯ ವರ್ಷಗಳ ನಂತರ ಕಾಣುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟಿನಂತಹ ಕಲ್ಲುಗಳಲ್ಲಿರುವ ಸಿಲಿಕಾದ ಸೂಕ್ಷ್ಮ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ರೋಗವನ್ನು ತರುತ್ತದೆ. ಒಮ್ಮೆ ಆದ ಹಾನಿ ಮತ್ತೆ ಸರಿಹೋಗದು. ಕ್ಷಯರೋಗದ ಸಂಭವವೂ ಹೆಚ್ಚುತ್ತದೆ. ಕೋಲಾರ ಚಿನ್ನದ ಗಣಿಯ ಕಾರ್ಮಿಕರಲ್ಲಿ ಈ ರೋಗ ಕಂಡುಬಂದುದರಿಂದ ಮೈಸೂರು ಸರ್ಕಾರವು 1940ರಲ್ಲಿಯೇ ಸಿಲಿಕೋಸಿಸ್ ನಿಯಮಗಳನ್ನು ರೂಪಿಸಿತ್ತು. ಮುಖಕ್ಕೆ ಸುತ್ತಿದ ಟವೆಲ್ ಈ ಧೂಳನ್ನು ತಡೆಯದು. ಕಲ್ಲನ್ನು ನೀರು ಹರಿಸಿ ಉಜ್ಜುವುದು ಮೊದಲ ಉಪಾಯ; ಐಎಸ್ 9473 ಗುರುತಿರುವ ಮುಖಗವಸು ಎರಡನೆಯದು.

ಕಾನೂನು ಏನೆನ್ನುತ್ತದೆ?

1948ರ ಕಾರ್ಖಾನೆಗಳ ಕಾಯ್ದೆಯ 30ನೇ ಕಲಮು, ಪ್ರತಿ ಸಾಣೆ ಯಂತ್ರದ ಬಳಿ ಸುರಕ್ಷಿತ ವೇಗದ ಸೂಚನಾ ಫಲಕ ಇರಬೇಕೆಂದು ವಿಧಿಸಿತ್ತು. ಆ ಕಾಯ್ದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ವಿದ್ಯುತ್ ಬಳಸುವ ಘಟಕವು ಕಾರ್ಖಾನೆ ಎನಿಸಲು ಬೇಕಾದ ಕಾರ್ಮಿಕರ ಸಂಖ್ಯೆ 10ರಿಂದ 20ಕ್ಕೆ ಏರಿದೆ. ಇದರಿಂದ ಸಣ್ಣ ಘಟಕಗಳ ಹೊಣೆಯೆಲ್ಲ ಕಳೆಯಿತೆಂದು ಭಾವಿಸುವುದು ತಪ್ಪು. ಕೆಲಸದಲ್ಲಿ ಸಂಭವಿಸುವ ಅಪಘಾತದ ಪರಿಹಾರ ಕೊಡುವ ಹೊಣೆಗೆ ಈ ಸಂಖ್ಯೆಯ ರಿಯಾಯಿತಿ ಇಲ್ಲ.

ಒಂದು ಉದಾಹರಣೆ: ಇಎಸ್‌ಐ ವ್ಯಾಪ್ತಿಯಲ್ಲಿಲ್ಲದ, 30 ವರ್ಷ ವಯಸ್ಸಿನ, ಮಾಸಿಕ ರೂ. 12,000 ವೇತನದ ಕಾರ್ಮಿಕನು ಕಿಡಿ ಸಿಡಿದು ಒಂದು ಕಣ್ಣು ಕಳೆದುಕೊಂಡನೆನ್ನೋಣ. ವೇತನದ ಶೇ. 60, ಅಂದರೆ ರೂ. 7,200. ಇದನ್ನು ಆ ವಯಸ್ಸಿಗೆ ನಿಗದಿಯಾದ 207.98 ಎಂಬ ಗುಣಾಂಕದಿಂದ ಗುಣಿಸಿದರೆ ರೂ. 14,97,456. ಒಂದು ಕಣ್ಣಿನ ನಷ್ಟಕ್ಕೆ ಅದರ ಶೇ. 40, ಅಂದರೆ ಸುಮಾರು ರೂ. 5,98,982. ಕೆಲವು ನೂರು ರೂಪಾಯಿಗಳ ಕನ್ನಡಕ ಈ ಮೊತ್ತವನ್ನು ಉಳಿಸುತ್ತದೆ. ಅದಕ್ಕಿಂತ ಮಿಗಿಲಾಗಿ ಒಂದು ಕಣ್ಣನ್ನು ಉಳಿಸುತ್ತದೆ.

ಮಾಲೀಕರು ಕೈಗೊಳ್ಳಬೇಕಾದ ಕ್ರಮಗಳು

1. ಪ್ರತಿ ಕಾರ್ಮಿಕನಿಗೂ ನೇಮಕ ಪತ್ರ ಕೊಟ್ಟು, ವೇತನ ಮತ್ತು ವಯಸ್ಸಿನ ದಾಖಲೆ ಇಡುವುದು.
2. ಇಎಸ್‌ಐ ಅನ್ವಯವಾಗದಿದ್ದಲ್ಲಿ ಕಾರ್ಮಿಕರ ಪರಿಹಾರ ವಿಮೆ ಮಾಡಿಸಿ, ಕಾಲಕಾಲಕ್ಕೆ ನವೀಕರಿಸುವುದು.
3. ಕನ್ನಡಕ, ಮುಖಗವಸುಗಳನ್ನು ಸಂಸ್ಥೆಯ ಹೆಸರಿನ ಬಿಲ್ ಪಡೆದೇ ಖರೀದಿಸಿ, ವಿತರಿಸಿದ ದಿನಾಂಕ ಹಾಗೂ ಸಹಿಯನ್ನು ಪುಸ್ತಕದಲ್ಲಿ ದಾಖಲಿಸುವುದು. ಇದು ವ್ಯಾಪಾರದ ವೆಚ್ಚವೇ ಆಗಿರುತ್ತದೆ.
4. ಕವಚ ತೆಗೆದ ಯಂತ್ರವನ್ನು ಸರಿಪಡಿಸುವವರೆಗೆ ಬಳಕೆಗೆ ಕೊಡದಿರುವುದು.

ವರ್ತಕ ಹಾಗೂ ತಯಾರಕ ಬಾಂಧವರು ತಮ್ಮ ಘಟಕದಲ್ಲಿರುವ ಗ್ರೈಂಡರುಗಳನ್ನೂ ದಾಸ್ತಾನಿನಲ್ಲಿರುವ ಚಕ್ರಗಳನ್ನೂ ಈ ತಿಂಗಳಲ್ಲಿಯೇ ಒಮ್ಮೆ ಪರಿಶೀಲಿಸುವುದು ಒಳಿತು.